ಬ್ಯಾಟರಿಯ ಪಂಕ್ತಿಭೋಜನ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಬ್ಯಾಟರಿಯ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೂ ಹಾಗೆಯೇ ಕೇಳಿದರು. ನನಗೆ ಈ ಗೊಡವೆ ಹತ್ತಿದ್ದು ಮೊದಲು ಮಾತಿನ ದಾರಿಯಿಂದ. ಆಮೇಲೆ ಸಂಕಟದ ದಾರಿಯಿಂದ.

ಮಾತಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನು ಬ್ಯಾಟರಿ ಎನ್ನುತ್ತಾರೆ. 'ಬ್ಯಾಟ್ರಿ ಹಿಡ್ಕೊಂಡ್ ಹೋಗೋ, ದಾರೀಲಿ ಹುಳಹುಪ್ಪಟೆ ಇದ್ದೀತು' ಎಂದರೆ ಟಾರ್ಚು ಹಿಡಿದು ಹೋಗು ಎಂದರ್ಥ. ಅದರ ಹೊಟ್ಟೆಯಲ್ಲಿರುವುದು ಸೆಲ್ಲು. ಪಟ್ಟಣದವರು ಇದನ್ನು ಕೇಳಿ ನಗುವುದುಂಟು. ಆದರೆ ವಿಚಾರ ಮಾಡಿ ನೋಡಿದರೆ ಹಳ್ಳಿಯವರ ಮಾತೇ ಶಾಸ್ತ್ರಕ್ಕೆ ಹತ್ತಿರ. ಬಿಡಿಯಾಗಿರುವುದು ಸೆಲ್ಲು, ಹಲವು ಸೆಲ್ಲು ಕೂಡಿದರೆ ಬ್ಯಾಟರಿ. ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯ 1749ರಲ್ಲಿ ವಿದ್ಯುತ್ತನ್ನು ತುಂಬಿಡುವ ಗಾಜಿನ ಜಾಡಿಗಳನ್ನು ಒಟ್ಟಿಗೆ ಜೋಡಿಸಿ, ಸೈನ್ಯದಲ್ಲಿ ಫಿರಂಗಿಗಳ ಸಾಲಿಗಿದ್ದ ಹೆಸರನ್ನು ಆ ಕೂಟಕ್ಕೆ ಕೊಟ್ಟ. ಎಂದರೆ ಬ್ಯಾಟರಿ ಎಂಬುದು ಹುಟ್ಟಿನಿಂದಲೇ ಸಮೂಹವಾಚಕ. ನಮ್ಮ ಪಠ್ಯಪುಸ್ತಕದವರು ಸೆಲ್ಲಿಗೆ 'ವಿದ್ಯುತ್ಕೋಶ' ಎಂದು ಹೆಸರಿಟ್ಟಿದ್ದಾರೆ. ಚೆಲುವಾದ ಹೆಸರು. ಅರಸನ ಬೊಕ್ಕಸವೂ ಕೋಶ, ನಿಘಂಟೂ ಕೋಶ, ಕತ್ತಿಯ ಒರೆಯೂ ಕೋಶ. ತುಂಬಿಟ್ಟುಕೊಂಡು ಬೇಕಾದಾಗ ಹೊರಕ್ಕೆ ತೆಗೆಯುವುದು ಎಲ್ಲಕ್ಕೂ ಸಮಾನವಾದ ಗುಣ.

ಕೋಶಗಳನ್ನು ಕೂಡಿಸುವ ಬಗೆ ಎರಡೇ. ಒಂದರ ತಲೆಗೆ ಇನ್ನೊಂದರ ಬಾಲ ತಗುಲುವಂತೆ ಸಾಲಾಗಿ ನಿಲ್ಲಿಸಿದರೆ ಅದು ಸರಣಿ; ಮೆಕ್ಯಾನಿಕ್ಕುಗಳ ಬಾಯಲ್ಲಿ ಸೀರೀಸು. ಟಾರ್ಚಿನೊಳಗೆ ಇರುವುದು ಇದೇ. ಒಂದೂವರೆ ವೋಲ್ಟಿನ ಎರಡು ಸೆಲ್ಲು ಸೇರಿ ಮೂರು ವೋಲ್ಟು. ತಲೆಗಳೆಲ್ಲ ಒಂದು ಕಡೆ, ಬಾಲಗಳೆಲ್ಲ ಇನ್ನೊಂದು ಕಡೆ ಸೇರಿಸಿ ಕಟ್ಟಿದರೆ ಅದು ಸಮಾಂತರ, ಅಥವಾ ಪ್ಯಾರಲಲ್ಲು. ಇಲ್ಲಿ ವೋಲ್ಟು ಹೆಚ್ಚುವುದಿಲ್ಲ, ಬಾಳಿಕೆ ಹೆಚ್ಚುತ್ತದೆ. ಎಂಟನೆಯ ತರಗತಿಯ ಹುಡುಗನೂ ಒಪ್ಪಿಸುವ ಪಾಠ ಇದು; ಒಪ್ಪಿಸಿ ಮರೆತೂ ಬಿಡುತ್ತಾನೆ. ಮರೆತರೆ ನಷ್ಟವಿಲ್ಲದ ಕಾಲವೊಂದಿತ್ತು. ಆಗಿನ ಸೆಲ್ಲುಗಳು ಒಮ್ಮೆ ಉರಿದು ಸಾಯುತ್ತಿದ್ದುವು. ಸತ್ತ ಸೆಲ್ಲನ್ನು ನಮ್ಮ ಅಜ್ಜಿ ಹಪ್ಪಳದ ಜೊತೆಗೆ ಬಿಸಿಲಿಗಿಟ್ಟು ಇನ್ನೆರಡು ರಾತ್ರಿಯ ಬೆಳಕನ್ನು ಹಿಂಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಈಗ ಹಾಗಲ್ಲ. ಬರಿದಾದದ್ದನ್ನು ಮತ್ತೆ ತುಂಬುವ ಕಾಲ ಇದು. ತುಂಬುವಾಗಲೇ ಜೋಡಣೆಯ ನಿಜವಾದ ಸ್ವಭಾವ ಹೊರಕ್ಕೆ ಬರುವುದು.

ಇದು ಮೊದಲು ಅರಿವಾದದ್ದು ಮರಳಿ ತುಂಬುವ ಬ್ಯಾಟರಿಯನ್ನು ಕಂಡುಹಿಡಿದವನಿಗೇ. ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಇಳಿಬಿಟ್ಟು, ತುಂಬಿ ಬರಿದುಮಾಡಿ ಮತ್ತೆ ತುಂಬಬಹುದಾದ ಕೋಶವನ್ನು ಮಾಡಿದ. ಒಂದೊಂದರಿಂದ ಬರುವುದು ಸುಮಾರು ಎರಡು ವೋಲ್ಟು. ಇಪ್ಪತ್ತನ್ನು ಸರಣಿಯಲ್ಲಿ ಕೂಡಿಸಿದರೆ ಭರ್ಜರಿ ನಲವತ್ತು ವೋಲ್ಟು. ಆದರೆ ತುಂಬುವುದು ಹೇಗೆ? ಅದೇ ಸರಣಿಯಲ್ಲಿ ತುಂಬಲು ನಲವತ್ತಕ್ಕೂ ಮಿಗಿಲಾದ ವೋಲ್ಟು ಬೇಕು. ಅವನ ಹತ್ತಿರ ಇದ್ದದ್ದು ಬುನ್ಸೆನ್ ಹೆಸರಿನ ಸಣ್ಣ ಕೋಶಗಳು. ಅವನು ಒಂದು ತಿರುಗಣೆಯನ್ನು ಮಾಡಿದ. ತಿರುಗಣೆ ಒಂದು ಕಡೆಗಿದ್ದಾಗ ಇಪ್ಪತ್ತೂ ಕೋಶಗಳು ಸಮಾಂತರ. ಎರಡೇ ಎರಡು ಬುನ್ಸೆನ್ ಕೋಶಗಳಿಂದ ಮೆಲ್ಲಗೆ ತುಂಬಿಕೊಳ್ಳುತ್ತವೆ. ಅದನ್ನು ತಿರುವಿದರೆ ಎಲ್ಲವೂ ಸರಣಿಗೆ ಬಂದು ಒಮ್ಮೆಗೇ ಅಬ್ಬರಿಸುತ್ತವೆ. ಪಡೆಯುವಾಗ ಅಕ್ಕಪಕ್ಕ, ಕೊಡುವಾಗ ಹಿಂದುಮುಂದು! ಬಡತನ ಕಲಿಸಿದ ಈ ಉಪಾಯವನ್ನು ಓದಿ ನಾನು ಬಹಳ ಸಂತೋಷಪಟ್ಟೆ.

ನಮ್ಮ ಮನೆಗಳಲ್ಲಿ ಇಂಥ ತಿರುಗಣೆ ಇಲ್ಲ. ಯಾವ ತಂತಿಯಲ್ಲಿ ಕೊಡುತ್ತವೆಯೋ ಅದೇ ತಂತಿಯಲ್ಲಿ ಪಡೆಯಬೇಕು. ಅದರಿಂದ ಆಗುವುದೇನು ಎಂಬುದನ್ನು ನಾನು ಕಂಡದ್ದು ನಮ್ಮ ತಂದೆಯವರ ಕಾಯಿಲೆಯಲ್ಲಿ.

ತಂದೆಯವರಿಗೆ ಎಂಬತ್ತು ದಾಟಿದೆ. ಮಿಡ್ಲ್ ಸ್ಕೂಲಿನ ಮೇಷ್ಟರಾಗಿದ್ದವರು. ಶ್ವಾಸಕೋಶ ಸೋತಿರುವುದರಿಂದ ರಾತ್ರಿ ಹೊತ್ತು ಆಕ್ಸಿಜನ್ ಯಂತ್ರದ ಕೊಳವೆಯನ್ನು ಮೂಗಿಗೆ ಇಟ್ಟುಕೊಂಡೇ ಮಲಗುತ್ತಾರೆ. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಯಂತ್ರ ಅದು. ಮುನ್ನೂರು ಮುನ್ನೂರೈವತ್ತು ವ್ಯಾಟು ಉಣ್ಣುತ್ತದೆ. ಕರೆಂಟು ಹೋದರೆ ಇರಲಿ ಎಂದು ಮನೆಯಲ್ಲಿ ಇನ್ವರ್ಟರು. ಅದಕ್ಕೆ 12 ವೋಲ್ಟಿನ, 150 ಆಂಪಿಯರ್ ಗಂಟೆಯ ಎರಡು ಬ್ಯಾಟರಿ, ಸರಣಿಯಲ್ಲಿ, ಒಟ್ಟು 24 ವೋಲ್ಟು. ಲೆಕ್ಕದ ಪ್ರಕಾರ ಆರು ಗಂಟೆಗೆ ಮೋಸವಿಲ್ಲ. ಈ ಜೋಡಿಯಲ್ಲಿ ಒಂದು ಬ್ಯಾಟರಿ ನಾಲ್ಕನೆಯ ವರ್ಷಕ್ಕೆ ಕೈಕೊಟ್ಟಿತು. ಆಗ ನಾನು ಮೌಲ್ಯಮಾಪನಕ್ಕೆಂದು ಪರಸ್ಥಳದಲ್ಲಿದ್ದೆ. ಅಂಗಡಿಯವರು ಬಂದು, 'ಒಂದನ್ನು ಬದಲಾಯಿಸಿದರೆ ಸಾಕಮ್ಮಾ, ಇನ್ನೊಂದು ಗಟ್ಟಿಮುಟ್ಟಾಗಿದೆ' ಎಂದು ಹೊಸದೊಂದನ್ನು ಹಳೆಯದರ ಪಕ್ಕದಲ್ಲಿ ಕೂರಿಸಿ ಹೋದರು. ಒಂದಾದ ಮೇಲೊಂದು ತಿಂಗಳು ಕಳೆದಂತೆ ನಮ್ಮ ಮನೆಯಾಕೆ ಒಂದು ವಿಚಿತ್ರವನ್ನು ಗಮನಿಸಿದಳು. ಹಳೆಯ ಬ್ಯಾಟರಿ ಮೇಲಿಂದ ಮೇಲೆ ನೀರು ಕೇಳುತ್ತದೆ. ಹೊಸದು ಕೇಳುವುದೇ ಇಲ್ಲ. ಅಂಗಡಿಗೆ ಫೋನು ಮಾಡಿದರೆ, 'ಹೊಸದಲ್ಲವೇ ಅಮ್ಮಾ, ಅದಕ್ಕೇ ಕುಡಿಯುವುದಿಲ್ಲ' ಎಂದು ಉತ್ತರ ಬಂತು. ಕೇಳಲು ಸರಿಯಾಗಿಯೇ ಇದೆಯಲ್ಲ!

ಅನಂತರದ ಬೇಸಿಗೆಯಲ್ಲಿ ಒಂದು ರಾತ್ರಿ ಗಾಳಿಮಳೆ. ಬೀದಿಯ ಕೊನೆಯಲ್ಲಿ ಮರ ಬಿದ್ದು ತಂತಿ ಹರಿಯಿತು. ಹತ್ತೂವರೆಗೆ ಇನ್ವರ್ಟರು ಕೆಲಸಕ್ಕೆ ನಿಂತಿತು. ಹನ್ನೆರಡೂವರೆಗೆ ಕೂಗಿಕೊಂಡು ಆರಿಹೋಯಿತು. ಆ ಯಂತ್ರದ ಉಸಿರಾಟದ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ, ಸದ್ದು ನಿಂತದ್ದೇ ಎಲ್ಲರೂ ಎದ್ದು ಕೂತೆವು. ಡಾಕ್ಟರ ಮಾತಿನಂತೆ ತಂದಿರಿಸಿದ್ದ ಸಣ್ಣ ಸಿಲಿಂಡರೊಂದು ಇತ್ತು. ಅದನ್ನು ಹಚ್ಚಿ, ಅದರ ಮುಳ್ಳು ಇಳಿಯುವುದನ್ನು ಮೊಬೈಲಿನ ಬೆಳಕಿನಲ್ಲಿ ನೋಡುತ್ತ ಕೂತದ್ದು ಮೂರೂವರೆ ಗಂಟೆ. ತಂದೆಯವರು ಮಾತಾಡಲಿಲ್ಲ, ಮಾತಿಗೆ ಉಸಿರು ಖರ್ಚಾಗುತ್ತದೆಂದು ಅವರಿಗೆ ಗೊತ್ತು. ಕೈಯೆತ್ತಿ, ನೀವು ಮಲಗಿ ಎಂದು ಒಂದೆರಡು ಸಲ ಸನ್ನೆ ಮಾಡಿದರು. ನಾಲ್ಕಕ್ಕೆ ಕರೆಂಟು ಬಂದಾಗ ಮುಳ್ಳು ಕೆಂಪುಗೆರೆಯೊಳಕ್ಕೆ ಇಳಿದಿತ್ತು.

ಮಾರನೆಯ ದಿನ ಬೇರೊಬ್ಬ ರಿಪೇರಿಯವರನ್ನು ಕರೆಸಿದೆ. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಇನ್ವರ್ಟರನ್ನು ಅವರು ಮುಟ್ಟಲೇ ಇಲ್ಲ. ಮೀಟರು ತೆಗೆದು ಎರಡು ಬ್ಯಾಟರಿಗಳನ್ನೂ ಬೇರೆಬೇರೆಯಾಗಿ ಅಳೆದರು. ಸಂಜೆಯವರೆಗೆ ಚಾರ್ಜಾಗಲು ಬಿಟ್ಟು ಮತ್ತೆ ಅಳೆದರು. ಹಳೆಯದರಲ್ಲಿ 15.3, ಹೊಸದರಲ್ಲಿ 13.5. ಎರಡನ್ನೂ ಕೂಡಿದರೆ 28.8. 'ನೋಡಿ ಸಾರ್, ಚಾರ್ಜರಿಗೆ ಕಾಣೋದು ಈ 28.8 ಮಾತ್ರ. ತಲೆಗೆ 14.4 ಅಂತ ಅದು ಅಂದುಕೊಳ್ಳುತ್ತೆ. ಎರಡೂ ತುಂಬಿತು ಅಂತ ಕೈ ತೊಳಕೊಳ್ಳುತ್ತೆ' ಎಂದರು. ಆಮೇಲೆ ಮುಖ್ಯ ಲೈನನ್ನು ಆರಿಸಿ, ಯಂತ್ರವನ್ನು ಬ್ಯಾಟರಿಯ ಮೇಲೆ ನಡೆಸಿ, ಅದು ಕೂಗಿಕೊಳ್ಳುವ ಹೊತ್ತಿಗೆ ಸರಿಯಾಗಿ ಮತ್ತೆ ಅಳೆದರು. (ಸಿಲಿಂಡರನ್ನು ತುಂಬಿಸಿ ತಂದ ಮೇಲೆಯೇ ಈ ಪರೀಕ್ಷೆ ಎಂದು ಬೇರೆ ಹೇಳಬೇಕಾಗಿಲ್ಲ.) ಹಳೆಯದರಲ್ಲಿ 9, ಹೊಸದರಲ್ಲಿ 12. ಒಟ್ಟು 21, ಅಲ್ಲಿಗೆ ಇನ್ವರ್ಟರು ಬಾಗಿಲು ಹಾಕುತ್ತದೆ. ಹೊಸದರ ಹೊಟ್ಟೆಯಲ್ಲಿ ಇನ್ನೂ ಎಷ್ಟೋ ಶಕ್ತಿ ಹಾಗೆಯೇ ಇತ್ತು. ಇತ್ತು, ಆದರೆ ಯಾರಿಗೂ ಇಲ್ಲ.

ತಂದೆಯವರು ಮಂಚದ ಮೇಲೆ ಒರಗಿಕೊಂಡು ಇದನ್ನೆಲ್ಲ ಕೇಳುತ್ತಿದ್ದರು. ನಾನು ವಿವರಿಸಿ ಮುಗಿಸಿದ ಮೇಲೆ ಕೊಳವೆಯನ್ನು ಸ್ವಲ್ಪ ಸರಿಸಿ, 'ಪಂಕ್ತಿಭೋಜನ ಅನ್ನು ಮತ್ತೆ' ಎಂದರು.

ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಸರಣಿ ಎಂದರೆ ಪಂಕ್ತಿ. ಬಡಿಸುವವನು ಎಲ್ಲ ಎಲೆಗೂ ಒಂದೇ ಅಳತೆಯ ಸೌಟಿನಲ್ಲಿ ಬಡಿಸಿಕೊಂಡು ಹೋಗುತ್ತಾನೆ. ಸರಣಿಯ ಕೋಶಗಳಲ್ಲಿ ಹರಿಯುವ ವಿದ್ಯುತ್ತು ಒಂದೇ. ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಎಂಬ ಪಂಕ್ತಿಭೇದ ಅಲ್ಲಿ ಸಾಧ್ಯವೇ ಇಲ್ಲ. ವೋಲ್ಟು ಎಂಬುದು ಉಣ್ಣುವವರು 'ಸಾಕು ಸಾಕು' ಎನ್ನುವ ಕೂಗು. ಬಡಿಸುವವನು ಯಾವ ಎಲೆಯ ಕಡೆಗೂ ನೋಡುವುದಿಲ್ಲ. ಒಟ್ಟು ಗದ್ದಲ ಇಷ್ಟಾಯಿತೆಂದರೆ ಪಾತ್ರೆ ಎತ್ತಿಕೊಂಡು ಒಳಕ್ಕೆ ಹೋಗುತ್ತಾನೆ. ಹಳೆಯ ಬ್ಯಾಟರಿಗೆ ಹೊಟ್ಟೆ ಕುಗ್ಗಿದೆ; ನಾಲ್ಕು ತುತ್ತಿಗೇ ತುಂಬಿ, ಮನೆ ಹಾರುವಂತೆ ಕೂಗಿಕೊಳ್ಳುತ್ತದೆ. ಹೊಸದು, ಪಾಪ, ಇನ್ನೂ ಹಸಿದಿದೆ, ಮೆಲ್ಲಗೆ ಗೊಣಗುತ್ತದೆ. ಒಬ್ಬನ ಆರ್ಭಟ ಇನ್ನೊಬ್ಬನ ಮೌನ ಎರಡೂ ಸೇರಿ ಲೆಕ್ಕ ಸರಿಹೋಗುತ್ತದೆ. ಮುದುಕನಿಗೆ ಅಜೀರ್ಣ, ತರುಣನಿಗೆ ಉಪವಾಸ. ದಿನವೂ ಅರ್ಧ ಹೊಟ್ಟೆಯಲ್ಲಿ ಏಳುವ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಡುಸಾಗುತ್ತ, ಕ್ರಮೇಣ ಅದರ ಹೊಟ್ಟೆಯೂ ಕುಗ್ಗುತ್ತದೆ. ಅತಿಯಾಗಿ ತಿಂದದ್ದು ತೇಗುತ್ತದೆ. ತೇಗುವುದೆಂದರೆ ತನ್ನೊಳಗಿನ ನೀರನ್ನೇ ಜಲಜನಕ ಆಮ್ಲಜನಕಗಳಾಗಿ ಒಡೆದು ಗಾಳಿಗೆ ಬಿಡುವುದು. ನಮ್ಮ ಮನೆಯಾಕೆ ಸುರಿದ ನೀರೆಲ್ಲ ಹೋದದ್ದು ಹೀಗೆ. ಒಳಗಿನ ಕೋಣೆಯಲ್ಲಿ ತಂದೆಯವರು ಆಮ್ಲಜನಕಕ್ಕೆ ಹಂಬಲಿಸುತ್ತಿದ್ದರೆ, ಹಿತ್ತಿಲ ಜಗಲಿಯ ಮೇಲೆ ಬ್ಯಾಟರಿ ಅದನ್ನು ತಿಂಗಳುಗಟ್ಟಲೆ ಪುಕ್ಕಟೆಯಾಗಿ ಹಂಚುತ್ತಿತ್ತು!

ಸರಣಿ ಇಷ್ಟು ಕೆಟ್ಟದ್ದಾದರೆ ಸಮಾಂತರವೇ ಮೇಲಲ್ಲವೆ? ನಾನೂ ಹಾಗೆಂದೇ ಭೌತಶಾಸ್ತ್ರದ ಮಿತ್ರರ ಮುಂದೆ ಹೇಳಿದೆ. ಅವರು ನಕ್ಕು, 'ಬನ್ನಿ ಮೇಷ್ಟ್ರೇ, ತೋರಿಸುತ್ತೇನೆ' ಎಂದು ನಮ್ಮ ವಿದ್ಯಾರ್ಥಿನಿಲಯದ ಮಾಳಿಗೆಗೆ ಕರೆದುಕೊಂಡು ಹೋದರು. ಹುಡುಗರ ಓದುಕೋಣೆಯ ದೀಪಕ್ಕಾಗಿ ಅಲ್ಲಿ ಸೌರಫಲಕಗಳಿವೆ. ನಾಲ್ಕು ಬ್ಯಾಟರಿಗಳನ್ನು ಸಮಾಂತರವಾಗಿ ಕಟ್ಟಿದ್ದರು. ಕೆಳಗೆ ಕೊಳವೆಯಿಂದ ಕೂಡಿಸಿದ ನಾಲ್ಕು ತೊಟ್ಟಿಗಳಂತೆ ಇವುಗಳ ಮಟ್ಟ ತಾನಾಗಿ ಒಂದಾಗಬೇಕು. ಆಗುತ್ತದೆ, ಕೊಳವೆ ದಪ್ಪವಾಗಿದ್ದರೆ! ಕೂಡುವ ತಂತಿಯ ಅಡ್ಡಿ ಓಮಿನ ಸಾವಿರದ ಒಂದೆರಡು ಪಾಲು, ಅಷ್ಟಕ್ಕೇನು ಎನ್ನುತ್ತೀರಿ. ಆದರೆ ಬ್ಯಾಟರಿಯ ಒಳಗಿನ ಅಡ್ಡಿಯೂ ಅಂಥ ಕೆಲವೇ ಪಾಲು. ದೀಪಗಳಿಗೆ ಹೋಗುವ ಎರಡು ತಂತಿಗಳನ್ನೂ ಸಾಲಿನ ಮೊದಲನೆಯ ಬ್ಯಾಟರಿಗೇ ಬಿಗಿದಿದ್ದರು. ಮಿತ್ರರು ಕಾಗದದ ಮೇಲೆ ಲೆಕ್ಕ ಮಾಡಿದರು: ಬ್ಯಾಟರಿಯ ಒಳ ಅಡ್ಡಿ 20 ಪಾಲು, ಒಂದೊಂದು ತುಂಡು ತಂತಿಯದು ಒಂದೂವರೆ ಪಾಲು ಎಂದಿಟ್ಟುಕೊಂಡು 100 ಆಂಪಿಯರು ಹರಿಸಿದರೆ, ಮೊದಲನೆಯದರ ಪಾಲಿಗೆ ಸುಮಾರು 36, ಎರಡನೆಯದಕ್ಕೆ 26, ಮೂರನೆಯದಕ್ಕೆ 20, ಕೊನೆಯದಕ್ಕೆ 18. ನಾಲೆಯ ನೀರಿನ ನ್ಯಾಯವೇ ಇದು. ಮಂಡ್ಯದ ಕಡೆಯ ರೈತರನ್ನು ಕೇಳಿ. ತೂಬಿನ ಹತ್ತಿರದ ಗದ್ದೆಯವನಿಗೂ ನಾಲೆಯ ಕೊನೆಯ ಗದ್ದೆಯವನಿಗೂ ಇರುವ ವ್ಯತ್ಯಾಸವನ್ನು ಅವರು ಹೇಳಿಯಾರು. ಇಲ್ಲಿ ಒಂದು ವಿಶೇಷವೆಂದರೆ, ಹೆಚ್ಚು ಪಡೆಯುವವನೇ ಹೆಚ್ಚು ದುಡಿಯುವವನೂ ಹೌದು. ಆದ್ದರಿಂದ ಮೊದಲು ಸಾಯುವವನೂ ಅವನೇ.

ಮಿತ್ರರು ಮಾಡಿದ ಚಿಕಿತ್ಸೆಗೆ ಕಾಸಿನ ಖರ್ಚಿಲ್ಲ. ಒಂದು ಸ್ಪ್ಯಾನರು ತಂದು ಋಣದ ತಂತಿಯನ್ನು ಮೊದಲನೆಯ ಬ್ಯಾಟರಿಯಿಂದ ಬಿಚ್ಚಿ ಕೊನೆಯದಕ್ಕೆ ಬಿಗಿದರು. ಧನ ಈ ತುದಿಯಿಂದ, ಋಣ ಆ ತುದಿಯಿಂದ. ಈಗ ಯಾವ ಬ್ಯಾಟರಿಯ ಮೂಲಕ ಹೋದರೂ ದಾರಿಯ ಉದ್ದ ಹೆಚ್ಚು ಕಡಿಮೆ ಒಂದೇ. ಲೆಕ್ಕ ಮಾಡಿದರೆ ನಾಲ್ಕರ ಪಾಲೂ 23ಕ್ಕೂ 27ಕ್ಕೂ ನಡುವೆ ಬಂದು ಕೂತಿತು. ಒಂದು ತಂತಿಯ ತುದಿ ನಾಲ್ಕು ಅಡಿ ಸರಿದದ್ದರಿಂದ ಇಷ್ಟು! ಮಾತ್ರೆ ಒಂದು ಆಚೀಚೆಯಾದರೆ ಷಟ್ಪದಿ ಕುಂಟುತ್ತದೆಂದು ಮೂವತ್ತು ಹುಡುಗರಿಗೆ ವರ್ಷವಿಡೀ ಹೇಳುವ ನಾನು ಇದನ್ನು ಒಪ್ಪದಿರಲು ಕಾರಣವೇ ಇರಲಿಲ್ಲ.

ಎಲ್ಲ ಜಾತಿಯ ಕೋಶಕ್ಕೂ ಒಂದೇ ನಿಯಮ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳ ಆಟಿಕೆಗೆ ಹಾಕುವ, ಮತ್ತೆ ಮತ್ತೆ ತುಂಬಬಹುದಾದ ಬೆರಳುಗಾತ್ರದ ಸೆಲ್ಲುಗಳಿವೆಯಲ್ಲ, ನಿಕ್ಕಲ್ಲಿನವು, ಅವುಗಳ ಸ್ವಭಾವ ವಿಪರೀತ. ಹೊಟ್ಟೆ ತುಂಬಿದ ಮೇಲೆ ಅವು ಬಿಸಿಯಾಗಿ, ಅವುಗಳ ವೋಲ್ಟು ಏರುವ ಬದಲು ಸ್ವಲ್ಪ ಇಳಿಯುತ್ತದೆ. ಅಂಥವನ್ನು ಸಮಾಂತರದಲ್ಲಿ ತುಂಬಿದರೆ, ತುಂಬಿದ್ದೇ ಇನ್ನಷ್ಟು ಎಳೆದುಕೊಂಡು ಇನ್ನಷ್ಟು ಬಿಸಿಯಾಗುತ್ತದೆ. ಉಂಡ ಮೇಲೆ ಹಸಿವು ಹೆಚ್ಚುವ ಜಾತಿ! ಅಗ್ಗದ ಚಾರ್ಜರುಗಳಲ್ಲಿ ಎರಡೆರಡು ಸೆಲ್ಲು ಒಟ್ಟಿಗೆ ಹಾಕದಿದ್ದರೆ ದೀಪವೇ ಹತ್ತುವುದಿಲ್ಲ. ಅಲ್ಲಿ ಎರಡನ್ನು ಸರಣಿಯಲ್ಲಿ ಕಟ್ಟಿರುತ್ತಾರೆ. ಒಂದು ಅರ್ಧ ತುಂಬಿದ್ದು, ಒಂದು ಪೂರ್ತಿ ಬರಿದಾದದ್ದು ಸೇರಿದರೆ ಮತ್ತೆ ಅದೇ ಪಂಕ್ತಿಯ ಕಥೆ. ಒಂದೊಂದಕ್ಕೂ ಬೇರೆ ಬೇರೆ ದೀಪ ಇರುವ ಚಾರ್ಜರಿಗೆ ಬೆಲೆ ಸ್ವಲ್ಪ ಹೆಚ್ಚು, ಕೊಡುವುದೇ ಲೇಸು.

ಇನ್ನು ಈಗ ಬೀದಿ ತುಂಬ ಸದ್ದಿಲ್ಲದೆ ಓಡುವ ಸ್ಕೂಟರುಗಳ ಮಾತು. ವಿದ್ಯುತ್ತಿನ ಬಂಡಿ ನಮಗೆ ಹೊಸದೇನಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ ಪುಟ್ಟ ರೇವಾ ಕಾರು ಮಾರಾಟಕ್ಕೆ ಬಂತು. ಅದರ ಮುಂದಿನ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಒಂದೊಂದರಲ್ಲಿ ಮೂರು ಕೋಶ. ಎಂದರೆ ಇಪ್ಪತ್ತನಾಲ್ಕು ಎಲೆಯ ಪಂಕ್ತಿ, 48 ವೋಲ್ಟು. ಸೀಸಕ್ಕೆ ಒಂದು ದೊಡ್ಡ ಗುಣವಿದೆ. ಅತಿಯಾಗಿ ಉಣ್ಣಿಸಿದರೂ ತೇಗಿ ಸಹಿಸಿಕೊಳ್ಳುತ್ತದೆ. ಆದ್ದರಿಂದಲೇ ಆಗಾಗ್ಗೆ ಒಂದಿಷ್ಟು ಹೆಚ್ಚಾಗಿ, ನಿಧಾನವಾಗಿ ಬಡಿಸಿ, ಹಿಂದೆ ಬಿದ್ದ ಕೋಶಗಳನ್ನೂ ಸಮಕ್ಕೆ ತರುವ ಪದ್ಧತಿ ಅದರಲ್ಲಿ ನಡೆಯುತ್ತದೆ. ದಂಡ ತೆರಬೇಕಾದದ್ದು ನೀರಿನ ರೂಪದಲ್ಲಿ ಮಾತ್ರ. ಈಗಿನ ಲಿಥಿಯಮ್ಮಿಗೆ ತೇಗಲು ಬಾರದು. ಸಾಮಾನ್ಯ ಬಗೆಯ ಲಿಥಿಯಮ್ ಕೋಶಕ್ಕೆ 4.2 ವೋಲ್ಟು ಎಂದರೆ ಲಕ್ಷ್ಮಣರೇಖೆ. ದಾಟಿದರೆ ಕೆಡುತ್ತದೆ, ಇನ್ನೂ ದಾಟಿದರೆ ಉರಿಯುತ್ತದೆ. 2022ರ ಬೇಸಿಗೆಯಲ್ಲಿ ನಮ್ಮ ದೇಶದಲ್ಲಿ ಹಲವು ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡ ಚಿತ್ರಗಳನ್ನು ನೀವೂ ನೋಡಿರಬಹುದು. ಕಾರಣಗಳು ಬೇರೆ ಬೇರೆ ಇದ್ದಾವು. ಆದರೆ ಆ ವರ್ಷದ ಡಿಸೆಂಬರಿನಿಂದ ಸರ್ಕಾರ ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಮಾಡಿತು.

ಹೀಗಾಗಿ ಲಿಥಿಯಮ್ಮಿನ ಪಂಕ್ತಿಯಲ್ಲಿ ಪ್ರತಿ ಎಲೆಯ ಹಿಂದೆಯೂ ಒಬ್ಬ ನೋಡಿಕೊಳ್ಳುವವ ನಿಲ್ಲಬೇಕು. ಮೊದಲು ಹಲವು ಸೆಲ್ಲುಗಳನ್ನು ಸಮಾಂತರವಾಗಿ ಬೆಸೆದು ಒಂದು ಗುಂಪು ಮಾಡುತ್ತಾರೆ; ಗುಂಪಿನೊಳಗೆ ಮಟ್ಟ ತಾನಾಗಿ ಸಮವಾಗುತ್ತದೆ. ಆಮೇಲೆ ಗುಂಪುಗಳನ್ನು ಸರಣಿಯಲ್ಲಿ ಕೂಡಿಸುತ್ತಾರೆ. 2008ರಲ್ಲಿ ಅಮೆರಿಕದಲ್ಲಿ ಬಂದ ಟೆಸ್ಲಾ ರೋಡ್‌ಸ್ಟರ್ ಕಾರಿನಲ್ಲಿ 69 ಸೆಲ್ಲಿನ ಗುಂಪುಗಳು 99 ಇದ್ದುವು. ಗುಣಿಸಿ ನೋಡಿ, 6,831. ಹದಿನಾಲ್ಕು ಗುಂಪಿನ ಸ್ಕೂಟರ್ ಬ್ಯಾಟರಿಯಲ್ಲಿ ಎರಡು ದಪ್ಪ ತಂತಿಗಳ ಜೊತೆಗೆ ಹದಿನೈದು ನವಿರಾದ ತಂತಿಗಳಿರುತ್ತವೆ, ಒಂದೊಂದು ಸಂಧಿಗೂ ಒಂದು. ಅವು ಹೊರುವ ಕೆಲಸದವಲ್ಲ, ಹೇಳುವ ಕೆಲಸದವು. ಯಾವ ಗುಂಪಿಗೆ ಹೊಟ್ಟೆ ತುಂಬಿತು ಎಂದು ಬಿಡಿಬಿಡಿಯಾಗಿ ತಿಳಿಸುತ್ತವೆ. ತುಂಬಿದ ಗುಂಪಿನಿಂದ ತುಸುತುಸುವೇ ಬಸಿದು, ಶಾಖವಾಗಿ ಕಳೆದು, ಉಳಿದವು ಮೇಲೆ ಬರುವವರೆಗೆ ಅದನ್ನು ತಡೆದು ನಿಲ್ಲಿಸುವ ಏರ್ಪಾಡು ಒಳಗೆ ಇರುತ್ತದೆ. ಬಸಿಯುವ ಧಾರೆ ಬಹಳ ಸಣ್ಣದು. ದೊಡ್ಡ ಅಂತರವನ್ನು ಅದು ಮುಚ್ಚಲಾರದು. ಹಳೆಯ ಗುಂಪಿನ ಕುಗ್ಗಿದ ಹೊಟ್ಟೆಯನ್ನಂತೂ ಹಿಗ್ಗಿಸಲಾರದು. ಕೆಟ್ಟ ಗುಂಪೊಂದನ್ನು ಕಿತ್ತು ಹೊಸ ಸೆಲ್ಲು ಬೆಸೆದು ಕೊಡುತ್ತೇವೆ ಎನ್ನುವ ಅಂಗಡಿಗಳು ಬೀದಿಬೀದಿಗೆ ಹುಟ್ಟಿಕೊಂಡಿವೆ. ನಮ್ಮ ಜಗಲಿಯ ಮೇಲೆ ಹಳೆಯದರ ಪಕ್ಕದಲ್ಲಿ ಹೊಸದು ಬಂದು ಕೂತದ್ದು ನನಗೆ ಅಲ್ಲೆಲ್ಲ ಕಾಣುತ್ತದೆ.

ನಮ್ಮ ಮನೆಗೆ ಈಗ ಒಂದೇ ಕಂಪನಿಯ, ಒಂದೇ ತಿಂಗಳಲ್ಲಿ ತಯಾರಾದ ಎರಡು ಬ್ಯಾಟರಿ ಬಂದಿವೆ. ರಿಪೇರಿಯವರು ಎರಡರ ನಡುವೆ ಅಂಗೈಯಗಲದ ಡಬ್ಬಿಯೊಂದನ್ನು ಕೂಡಿಸಿದ್ದಾರೆ. ಒಂದರ ವೋಲ್ಟು ಏರಿದರೆ ಅಲ್ಲಿಂದ ಇನ್ನೊಂದಕ್ಕೆ ಸಾಗಿಸುವುದು ಅದರ ಕೆಲಸ. ತಂದೆಯವರು ಎರಡರ ಮೇಲೂ ಬಳಪದಲ್ಲಿ ತಾರೀಖು ಬರೆಸಿದ್ದಾರೆ. ನಮ್ಮ ಮನೆಯಾಕೆ ನೀರು ಹಾಕುವಾಗ ಎರಡಕ್ಕೂ ಅಳೆದು ಹಾಕಿ, ಸಮ ಉಂಟೋ ಇಲ್ಲವೋ ಎಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ. ಅರೆಹೊಟ್ಟೆಯಲ್ಲಿ ವರ್ಷ ಕಳೆದ ಆ ತರುಣನನ್ನು ರಿಪೇರಿಯವರು ಒಯ್ದು, ಒಂಟಿಯಾಗಿ ಎರಡು ದಿನ ಮೆಲ್ಲಗೆ ಉಣ್ಣಿಸಿ, 'ಮುಕ್ಕಾಲು ಪಾಲು ಜೀವ ಬಂದಿದೆ ಸಾರ್. ಆದರೆ ಯಾರ ಜೊತೇನೂ ಕೂರಿಸಬೇಡಿ' ಎಂದು ತಂದುಕೊಟ್ಟರು. ಎದುರುಮನೆಯ ದರ್ಜಿಯವರ ಹೊಲಿಗೆಯಂತ್ರದ ದೀಪಕ್ಕೂ ಫ್ಯಾನಿಗೂ ಅದು ಈಗ ಆಗುತ್ತಿದೆ. ಮುದುಕನನ್ನು ಬ್ಯಾಟರಿ ಅಂಗಡಿಯವನೊಬ್ಬ ತೂಕಕ್ಕೆ ಹಾಕಿಕೊಂಡ. ತಕ್ಕಡಿಯ ಮೇಲೆ ಇಟ್ಟು, ಮುಳ್ಳು ನೋಡಿ, ಮುಖ ಸಣ್ಣದು ಮಾಡಿಕೊಂಡು, 'ಇದರಲ್ಲಿ ನೀರೇ ಇಲ್ಲವಲ್ಲ ಸ್ವಾಮಿ, ತೂಕ ಬರೋದಿಲ್ಲ' ಎಂದು ಇನ್ನೂರು ರೂಪಾಯಿ ಹಿಡಿದುಕೊಂಡ.